ಹೊಳೆಬದಿಯ ಮರ, ಗದ್ದೆಬದಿಯ ಕಪ್ಪೆ

ಸಂಜೆಯ ಹೊತ್ತಿಗೆ ನಮ್ಮ ಬೈಂದೂರಿನ ಮನೆಯ ಬಚ್ಚಲಿನ ಹಿಂದಿನಿಂದ ಒಂದು ಗೋಂಕ್ರ ಕಪ್ಪೆ ಹೊರಡುತ್ತದೆ. ಗೋಂಕ್ರ ಕಪ್ಪೆ ಎಂದರೆ ಮೈತುಂಬ ಗುಳ್ಳೆಯಿರುವ, ಹಾರುವುದಕ್ಕೂ ಸೋಮಾರಿಯಾದ ನೆಲಗಪ್ಪೆ. ಅದಕ್ಕೆ ಅವಸರವೆಂಬುದಿಲ್ಲ. ಒಗೆಯುವ ಕಲ್ಲನ್ನು ಬಳಸಿ, ನಿಂತು, ಮತ್ತೆ ನಾಲ್ಕು ಹೆಜ್ಜೆ ಇಟ್ಟು, ಜಗಲಿಯ ದೀಪದ ಕೆಳಗೆ ಬಂದು ಹುಳ ಬೀಳುವುದನ್ನು ಕಾಯುತ್ತದೆ. ನಾನೂ ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತೇನೆ. ಅಂಗಳದಾಚೆ ಹೊಳೆಗೆ ಬಾಗಿಕೊಂಡು ಒಂದು ಮರವಿದೆ. ಬಿಳಿ ಹೂವು, ನಡುವೆ ಸಣ್ಣ ಹಳದಿ ಕಣ್ಣು, ಮಿಡಿಮಾವಿಗಿಂತ ದೊಡ್ಡದಾದ ಹಸಿರು ಕಾಯಿ. ಕೆಲವರು ಅದನ್ನು ಚಂಡೆ ಮರ ಎನ್ನುತ್ತಾರೆ. ಹೆಚ್ಚಿನವರು ಏನೂ ಎನ್ನುವುದಿಲ್ಲ.

ಮರವನ್ನೂ ಕಪ್ಪೆಯನ್ನೂ ಹೋಲಿಸುತ್ತ ಕುಳಿತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಂದಕ್ಕೆ ಬೇರು, ಇನ್ನೊಂದಕ್ಕೆ ಕಾಲು. ಒಂದರ ಹೂವಿಗೆ ಮಲ್ಲಿಗೆಯ ಹತ್ತಿರದ ಪರಿಮಳ. ಇನ್ನೊಂದನ್ನು ಕಂಡರೆ ಜನ ಮುಖ ಸಿಂಡರಿಸುತ್ತಾರೆ. ಎರಡೂ ಯಾರ ಬೆನ್ನು ಹತ್ತಿಯೂ ಹೋಗಿ ಕಚ್ಚುವ ಜೀವಗಳಲ್ಲ. ಎರಡರ ಒಳಗೂ ಇರುವ ವಿಷ ಮಾತ್ರ ಹೆಚ್ಚುಕಡಿಮೆ ಒಂದೇ ಜಾತಿಯದು. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳಿಂದ ತಿಳಿದದ್ದು.

ನನ್ನ ತಂಗಿಯ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. "ದೊಡ್ಡಮ್ಮ, ನೀವ್ ಅಷ್ಟ್ ವರ್ಷ ವಾರ್ಡಲ್ಲಿ ಎಂತ ಮಾಡ್ದ್ರಿ, ಬರ್ದಿಡಿ ಕಾಂಬ" ಎಂದು ಗಂಟು ಬಿದ್ದಿದ್ದಾಳೆ. ನಾಡಿ ಹಿಡಿದೆ, ಹಾಸಿಗೆ ಬದಲಿಸಿದೆ, ಬೈಗಳು ತಿಂದೆ ಎಂದರೆ ಅವಳಿಗೆ ಸಾಲದು. ಹಾಗಾಗಿ ಬರೆಯುತ್ತಿದ್ದೇನೆ. ಯಾವಾಗ ಸ್ಟಾಫ್ ನರ್ಸ್ ಆದೆ, ಯಾವಾಗ ಹಿರಿಯ ಸಿಸ್ಟರ್ ಆದೆ ಎಂಬ ಕಥೆ ನನಗೇ ಬೇಸರ, ಅದನ್ನು ಬಿಟ್ಟುಬಿಡುತ್ತೇನೆ.

ನಾನು ಕುಂದಾಪುರಕ್ಕೆ ಬಂದದ್ದು 1997ರ ಆರಂಭದಲ್ಲಿ. ಪೇಟೆಯ ಒಂದು ಹಳೆಯ ಆಸ್ಪತ್ರೆ. ಹೆಂಚಿನ ಮಾಡು, ಉದ್ದದ ಜಗಲಿ. ಮಧ್ಯಾಹ್ನ ಊಟದ ಪಾತ್ರೆಗಳ ಸದ್ದು ನಿಂತ ಮೇಲೆ ವಾರ್ಡಿನಲ್ಲಿ ಒಂದು ಮಂಪರು ಇಳಿಯುತ್ತಿತ್ತು. ಸಮುದ್ರದ ಕಡೆಯ ಗಾಳಿಗೆ ಹಸಿರು ಪರದೆಗಳು ಉಬ್ಬಿ ಇಳಿಯುತ್ತಿದ್ದವು. ಜ್ವರದವರು ನಿದ್ದೆಯಲ್ಲಿ ಯಾರನ್ನೋ ಕರೆಯುತ್ತಿದ್ದರು. ನಾನು ಕಿಟಕಿಯ ಬಳಿ ನಿಂತು ಇದು ನನ್ನ ಕೆಲಸವೋ ನನಗೆ ಬಿದ್ದ ಕನಸೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಸೆಲೀನಾ ಸಿಸ್ಟರ್ ಬರುತ್ತಿದ್ದರು. ಕನಸು ಅಲ್ಲಿಗೆ ಮುಗಿಯುತ್ತಿತ್ತು.

ಸೆಲೀನಾ ಸಿಸ್ಟರ್ ನಮ್ಮ ಮುಖ್ಯಸ್ಥೆ. ಸಣ್ಣ ಮೈಕಟ್ಟು, ದೊಡ್ಡ ದನಿ. ಅವರ ಮುಂದೆ ಡಾಕ್ಟರುಗಳೂ ಷರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಅವರದೊಂದು ಹಟವಿತ್ತು. ರೋಗಿ ಏನು ಹೇಳಿದನೋ ಅದನ್ನು ಅವನ ಮಾತಿನಲ್ಲೇ ಡಾಕ್ಟರಿಗೆ ಮುಟ್ಟಿಸಬೇಕು. "ತಲೆಯೊಳಗೆ ಭತ್ತ ಕುಟ್ಟಿದಾಂಗೆ ಆತ್" ಎಂದರೆ ಅದನ್ನೇ ಹೇಳಬೇಕು; ತಲೆನೋವು ಎಂದು ಚಿಕ್ಕದು ಮಾಡಿದರೆ ಕೆಟ್ಟೆವು. "ನಿನ್ ಇಂಗ್ಲಿಷ್ ನಿನ್ ಪರ್ಸಲ್ಲಿ ಇಟ್ಕೊ. ಕಾಯಿಲೆ ಇಪ್ಪುದ್ ಅವ್ನಿಗೆ" ಎನ್ನುತ್ತಿದ್ದರು. ನಮಗೆ ಒಳಗೊಳಗೇ ನಗು.

ಅವರ ಮಾತಿನಲ್ಲಿ ಹುರುಳಿದೆ ಎಂದು ಮೊದಲು ತೋರಿಸಿದ್ದು ಬ್ರಹ್ಮಾವರದ ಒಬ್ಬ ಮುದುಕರು. ಮೂರು ಹೊತ್ತೂ ಊಟದ ನಂತರ ಮಾತ್ರೆ ತೆಗೆದುಕೊಳ್ಳಿ ಎಂದು ಹೇಳಿ ಕಳಿಸಿದ್ದೆವು. ವಾರ ಕಳೆದು ಬಂದರು, ಗುಣವಿಲ್ಲ. ವಿಚಾರಿಸಿದರೆ ದಿನಕ್ಕೆ ಒಂದೇ ಮಾತ್ರೆ ನುಂಗಿದ್ದಾರೆ. "ಬೆಳಿಗ್ಗೆ ಕುಡೂದ್ ಗಂಜಿ. ರಾತ್ರಿಯೂ ಗಂಜಿ. ಊಟ ಮಾಡೂದ್ ಮಧ್ಯಾಹ್ನ ಒಂದೇ ಹೊತ್ತ್ ಅಲ್ದಾ?" ಎಂದು ನಮ್ಮನ್ನೇ ಕೇಳಿದರು. ಅವರು ನಾವು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ಸೆಲೀನಾ ಸಿಸ್ಟರ್ ನನ್ನತ್ತ ನೋಡಿ ಒಂದು ಹುಬ್ಬು ಏರಿಸಿದರು, ಅಷ್ಟೆ. ಅಂದಿನಿಂದ ನಾನು ಯಾರಿಗೆ ಮಾತ್ರೆ ಕೊಟ್ಟರೂ "ಗಂಜಿ ಕುಡ್ದ್ರೂ ಅದ್ ಊಟವೇ" ಎಂದು ಸೇರಿಸುತ್ತಿದ್ದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಸುಮಿ ಬಂದಳು.

ಗಂಗೊಳ್ಳಿಯ ಹುಡುಗಿ. ಅವಳ ತಾಯಿ ಮುತ್ತಕ್ಕ ಬಂದರಿನಲ್ಲಿ ಮೀನು ಕೊಂಡು ಮನೆಮನೆಗೆ ಹೊತ್ತು ಮಾರುವವರು; ಗಂಡ ದೋಣಿಯಲ್ಲಿ. ಸುಮಿ, ಅವಳ ತಮ್ಮ ರಾಘು, ನೆರೆಮನೆಯ ಮಕ್ಕಳು ಎಲ್ಲ ಸೇರಿ ಹೊಳೆಬದಿಯಲ್ಲಿ ಅಡುಗೆಯಾಟ ಆಡಿದ್ದರು. ತೆಂಗಿನ ಗೆರಟೆಯಲ್ಲಿ ಮಣ್ಣಿನ ಅನ್ನ, ಎಲೆಯ ಪಲ್ಯ. ಚಂಡೆ ಮರದ ಒಣಗಿದ ಕಾಯಿ ಒಡೆದಾಗ ಒಳಗೆ ಬಿಳಿ ತಿರುಳು ಸಿಕ್ಕಿತು. ಅದು ಪಾಯಸದ ಗೋಡಂಬಿಯಾಯಿತು. ರಾಘು ನೆಂಟ. ಅವನು ಬಾಯಿಗಿಟ್ಟು, ಕಹಿ ಎಂದು ಉಗುಳಿದ. ಸುಮಿ ಅಡುಗೆಯವಳು. ತಾನು ಮಾಡಿದ್ದನ್ನು ಚೆನ್ನಾಗಿಲ್ಲ ಎನ್ನುವುದು ಹೇಗೆ? ತಿಂದು ತೋರಿಸಿದಳು.

ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಮುತ್ತಕ್ಕನಿಗೆ ಗೊತ್ತಾದದ್ದು ಮಗಳು ಸಂಜೆ ವಾಂತಿ ಮಾಡಿದಳು ಎಂಬುದು ಮಾತ್ರ. ಬಿಸಿಲಿನ ಝಳ ಎಂದು ಬೊಂಡ ಕೆತ್ತಿ ಎಳನೀರು ಕುಡಿಸಿದರು. ಬೆಳಿಗ್ಗೆ ಸುಮಿ ಎದ್ದು ತಾಯಿಗೆ, "ಅಬ್ಬಿ, ಎಲ್ಲಾ ಹಳ್ದಿ ಹಳ್ದಿ ಕಾಂತ್" ಎಂದಳು. ಅಲ್ಲಿಗೆ ಎಲ್ಲರ ಸಂಶಯವೂ ಪರಿಹಾರವಾಯಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುವುದು ನಮ್ಮಲ್ಲಿ ಮಾತು ಕಲಿತ ಮಗುವಿಗೂ ಗೊತ್ತು. ಇನ್ನೇನು ಬೇಕು? ಕಾಮಾಲೆಗೆ ಆಸ್ಪತ್ರೆಯಲ್ಲಿ ಮದ್ದಿಲ್ಲ, ನಾರುಬೇರಿನ ಮದ್ದೇ ಆಗಬೇಕು ಎನ್ನುವುದೂ ನಮ್ಮೂರಿನ ನಂಬಿಕೆ. ಬ್ರಹ್ಮಾವರದ ಕಡೆ ಒಬ್ಬರು ಕೊಡುತ್ತಾರೆ ಎಂದು ಯಾರೋ ಹೇಳಿದರು. ಮುತ್ತಕ್ಕ ಇಬ್ಬರು ಮಕ್ಕಳನ್ನೂ ಕರೆದುಕೊಂಡು ದೋಣಿಯಲ್ಲಿ ಹೊಳೆ ದಾಟಿ, ಕುಂದಾಪುರದಲ್ಲಿ ಬಸ್ಸು ಹಿಡಿದರು. ಆ ಬಸ್ಸು ನಮ್ಮ ಆಸ್ಪತ್ರೆಯ ಗೇಟಿನ ಮುಂದೆಯೇ ಹೋಯಿತು.

ಮದ್ದು ಕುಡಿಸಿ, ಉಪ್ಪಿಲ್ಲದ ಪಥ್ಯ ಕೇಳಿಕೊಂಡು ಅದೇ ದಾರಿಯಲ್ಲಿ ಮರಳುವಾಗ ಮಗು ಬಸ್ಸಿನಲ್ಲಿ ಕುಸಿಯಿತು. ಕಂಡಕ್ಟರ್ ನಮ್ಮ ಗೇಟಿನಲ್ಲೇ ಬಸ್ಸು ನಿಲ್ಲಿಸಿ, ತಾನೇ ಎತ್ತಿಕೊಂಡು ಒಳಗೆ ಓಡಿ ಬಂದ.

ನಾನು ನಾಡಿ ಹಿಡಿದೆ. ಒಮ್ಮೆ ಬಡಿಯಿತು. ಇನ್ನೊಂದಕ್ಕೆ ಕಾದೆ. ಮಕ್ಕಳ ನಾಡಿ ಓಡುತ್ತಿರಬೇಕು. ಇದು ಯೋಚಿಸಿ ಯೋಚಿಸಿ ಹೆಜ್ಜೆ ಇಡುತ್ತಿತ್ತು. ಸುಮಿಗೆ ಪ್ರಜ್ಞೆ ಬಂದು ಹೋಗುತ್ತಿತ್ತು. ಕಣ್ಣು ತೆರೆದಾಗ ಅವಳಿಗೆ ಹೆದರಿಕೆಯೇ ಇರಲಿಲ್ಲ. ಮಾಡಿನ ದೀಪ ನೋಡಿ, "ದೀಪಕ್ಕೆ ಬಳೆ ಹಾಕೀರ್" ಎಂದಳು. ನನ್ನ ಬಿಳಿ ಸೀರೆಯ ಸೆರಗು ಹಿಡಿದು, "ಸಿಸ್ಟ್ರೆ, ನಿಮ್ ಸೀರೆ ಹಳ್ದಿ ಆಯ್ತಲೆ! ಮದಿ ಹೆಣ್ಣಿನ್ ಸೀರೆ ಹಾಂಗೆ ಚಂದ ಕಾಂತ್" ಎಂದಳು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅವಳು ಇದ್ದ ಲೋಕ ನನಗೆ ಕಾಣುತ್ತಿರಲಿಲ್ಲ. ಆದರೆ ಅದು ಚಂದದ ಲೋಕವೇ ಇರಬೇಕು.

ಸೆಲೀನಾ ಸಿಸ್ಟರ್ ಆ ಮಾತನ್ನು ಹಾಗೆಯೇ ದೊಡ್ಡ ಡಾಕ್ಟರಿಗೆ ಮುಟ್ಟಿಸಿದರು. ಅವರು ಮಗುವಿನ ರೆಪ್ಪೆ ಎಳೆದು ನೋಡಿದರು. ಕಣ್ಣು ಶುಭ್ರ ಬಿಳಿ. ತಿರುಗಿ, "ಹೊಳೆಬದಿಯ ಕಾಯಿ ಏನಾದರೂ ತಿಂದಳೇ?" ಎಂದು ಕೇಳಿದರು. ಮುತ್ತಕ್ಕ ಇಲ್ಲವೆಂದು ತಲೆಯಾಡಿಸಿದರು. ಅವರ ಸೆರಗಿನ ಹಿಂದಿನಿಂದ ರಾಘು, "ಗೋಡಂಬಿ ತಿಂದಳ್" ಎಂದ.

ಇದ್ದ ಇಂಜೆಕ್ಷನ್ ಕೊಟ್ಟದ್ದಾಯಿತು. ಅಂಥ ಹೃದಯವನ್ನು ಹೊರಗಿನಿಂದ ತಟ್ಟಿ ನಡೆಸುವ ಯಂತ್ರ ದೂರದ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಇತ್ತು. ವಾಹನ ಬಂದು ನಿಂತಾಗ ಸುಮಿಯನ್ನು ಕದಲಿಸುವ ಸ್ಥಿತಿ ಇರಲಿಲ್ಲ. ಮುತ್ತಕ್ಕನನ್ನು ಹೊರಗೆ ನಿಲ್ಲಿಸಿದೆವು. ಆಗ ಅದೇ ಪದ್ಧತಿ. ಸಂಜೆಯಾಗುವ ಮೊದಲೇ ಮಗು ಹೋಯಿತು.

ಹೊರಗೆ ಜಗಲಿಯಲ್ಲಿ ದೊಡ್ಡ ಡಾಕ್ಟರು ಮುತ್ತಕ್ಕನ ಪಕ್ಕದಲ್ಲೇ ಬೆಂಚಿನ ಮೇಲೆ ಕುಳಿತರು. "ಕಾಮಾಲೆಯಲ್ಲಿ ಕಣ್ಣು ಹಳದಿಯಾಗುತ್ತದೆ ಅಮ್ಮ. ಕಾಣುವ ಲೋಕ ಹಳದಿಯಾಗುವುದಿಲ್ಲ. ಲೋಕ ಹಳದಿ ಕಂಡಿತೆಂದರೆ ಅದು ವಿಷ" ಎಂದರು. ಬೈಯಲಿಲ್ಲ. ಮುತ್ತಕ್ಕ ಅಳಲೂ ಇಲ್ಲ. "ಅವ್ಳ್ ನಂಗ್ ಹೇಳಿದ್ಳ್" ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು. ರಾಘು ಅವರ ತೊಡೆಯ ಮೇಲೆ ನಿದ್ದೆಹೋಗಿದ್ದ.

ಆಮೇಲೆ ಕಾಲ ನಡೆಯಿತು. ಕುದಿಸಿ ಬಳಸುತ್ತಿದ್ದ ಗಾಜಿನ ಸಿರಿಂಜು ಹೋಗಿ ಬಳಸಿ ಬಿಸಾಡುವುದು ಬಂತು. ಬೆರಳಿಗೆ ಕ್ಲಿಪ್ಪು ಹಾಕಿದರೆ ನಾಡಿ ತಾನೇ ಅಂಕಿಯಾಗಿ ಹೊಳೆಯುವ ಯಂತ್ರ ಬಂತು. ಹೊಸ ಹುಡುಗಿಯರು ರೋಗಿಯ ಮುಖ ಬಿಟ್ಟು ಆ ಅಂಕಿಯನ್ನೇ ನೋಡುವುದು ಕಂಡರೆ ನನಗೆ ಸಿಟ್ಟು. ಸೆಲೀನಾ ಸಿಸ್ಟರ್ ನಿವೃತ್ತರಾದರು. ಅವರ ಹುಬ್ಬು ನನಗೆ ಬಂತು ಎಂದು ಹುಡುಗಿಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ನರ್ಸುಗಳಿಗೆ ಬಣ್ಣದ ಚೂಡಿದಾರ ಬಂತು. ನಾನು ಬಿಳಿ ಸೀರೆ ಬಿಡಲಿಲ್ಲ. ಹಳಬರಿಗೆ ಅಷ್ಟು ಸಲಿಗೆ ಇತ್ತು.

ಮುತ್ತಕ್ಕ ನನ್ನ ಬಿಡಾರಕ್ಕೂ ಮೀನು ತರುತ್ತಿದ್ದರು. ಬುಟ್ಟಿ ಇಳಿಸಿ, ಬಂಗುಡೆ ಎಣಿಸಿ, "ಇದ್ ಕೊಸರ್" ಎಂದು ಒಂದನ್ನು ಹೆಚ್ಚಿಗೆ ಹಾಕುತ್ತಿದ್ದರು. ಮಳೆ, ಗಾಳಿ, ದೋಣಿ, ರಾಘುವಿನ ಶಾಲೆ ಎಲ್ಲ ಮಾತಾಡುತ್ತಿದ್ದೆವು. ಸುಮಿಯ ಹೆಸರು ನಮ್ಮಿಬ್ಬರ ಬಾಯಲ್ಲೂ ಬರುತ್ತಿರಲಿಲ್ಲ. ರಾಘು ಓದು ಬಿಟ್ಟು ಗೋವಾದ ಹೋಟೆಲಿನ ಅಡುಗೆಮನೆ ಸೇರಿದ ಎಂದು ಹೇಳಿದ ದಿನ ಮಾತ್ರ ಅವರು ಎಣಿಸಿದ ಬಂಗುಡೆಯನ್ನೇ ಮತ್ತೊಮ್ಮೆ ಎಣಿಸಿದರು. "ಅವ್ನಿಗೂ ಅಡ್ಗಿಯೇ ಬೇಕಾಯ್ತ್ ಕಾಣಿ" ಎಂದರು.

2010ರ ಮಳೆಗಾಲದ ಒಂದು ಬೆಳಿಗ್ಗೆ. ಮೋಡ ಕವಿದು ವಾರ್ಡಿನಲ್ಲಿ ಹಗಲೂ ದೀಪ. ಗೇಟಿನಲ್ಲಿ ರಿಕ್ಷಾ ಬಂದು ನಿಂತ ಸದ್ದು, ಅದರ ಹಿಂದೆಯೇ ಮುತ್ತಕ್ಕನ ಕೂಗು: "ಹ್ವಾಯ್ ಸಿಸ್ಟ್ರೆ! ಹಳ್ದಿ ಕಾಂತ್ ಅಂಬ್ರ್! ನನ್ ಮಾಣಿಗ್ ಹಳ್ದಿ ಕಾಂತ್ ಅಂಬ್ರ್!"

ಮಳೆಗಾಲಕ್ಕೆ ಗೋವಾದಲ್ಲಿ ಗಿರಾಕಿ ಕಡಿಮೆ. ರಾಘು ರಜೆಯಲ್ಲಿ ಮನೆಗೆ ಬಂದಿದ್ದ. ಬೆಳಿಗ್ಗೆ ಎದ್ದವನು, ರಾತ್ರಿಯೆಲ್ಲ ವಾಂತಿ ಎಂದು ಮೊದಲು ಹೇಳಿದ. ಆಮೇಲೆ ಬಲ್ಬಿಗೆ ಬಳೆ ಬಳೆ ಕಾಣುತ್ತದೆ, ಗೋಡೆಯೆಲ್ಲ ಹಳದಿ ಎಂದ. ಆ ಮಾತು ಬಾಯಿಂದ ಬಿದ್ದದ್ದೇ ಮುತ್ತಕ್ಕ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಿದ್ದರು. ನೆರೆಯವರೊಬ್ಬರು ಕಾಮಾಲೆ ಇರಬೇಕು ಎಂದರಂತೆ. "ಕಾಮಾಲೆ ಅಂದ್ರೆ ನಿನ್ ನಾಲ್ಗಿ ಕೊಯ್ತೆ" ಎಂದು ರಿಕ್ಷಾ ಹತ್ತಿ, ತಲ್ಲೂರು ಸೇತುವೆ ದಾಟಿಸಿಕೊಂಡು ಬಂದಿದ್ದರು.

ನಾಡಿ ಹಿಡಿದೆ. ಒಮ್ಮೆ ಬಡಿಯಿತು. ಇನ್ನೊಂದಕ್ಕೆ ಕಾದೆ. ಹದಿಮೂರು ವರ್ಷದ ಹಿಂದಿನ ಆ ಮಧ್ಯಾಹ್ನ ನನ್ನ ಬೆರಳಿನ ತುದಿಗೆ ಬಂದು ನಿಂತಿತು.

ಡ್ಯೂಟಿಯಲ್ಲಿದ್ದವರು ಹೊಸ ಡಾಕ್ಟರಮ್ಮ, ಚುರುಕು ಹೆಣ್ಣುಮಗಳು. ಹೃದಯದ ಇಸಿಜಿ ಪಟ್ಟಿ ತೆಗೆದು ನೋಡಿ, "ಇದು ಹೃದಯಕ್ಕೆ ಹತ್ತುವ ವಿಷದ ಹಾಗಿದೆ. ಕಣಗಿಲು, ಚಂಡೆ, ಅಂಥದ್ದೇನೋ. ಏನು ತಿಂದ ಕೇಳಿ" ಎಂದು ಇಂಜೆಕ್ಷನ್ನಿಗೆ ಕೈ ಹಾಕಿದರು. ಮುತ್ತಕ್ಕ ಮಗನ ಗಲ್ಲ ಹಿಡಿದು ಅಲುಗಿಸಿದರು. "ಆ ಕಾಯಿ ತಿಂದ್ಯಾ? ಹೇಳ್! ಆ ಕಾಯಿ ತಿಂದ್ಯಾ?"

"ಇಲ್ಲೆ ಅಬ್ಬಿ. ಅಕ್ಕನ್ ಆಣೆ, ಇಲ್ಲೆ."

ಅಕ್ಕನ ಮೇಲೆ ಅವನು ಸುಳ್ಳು ಆಣೆ ಇಡುವವನಲ್ಲ. ಮತ್ತೆ ಏನು? ಕೇಳಿದರೆ ತಾಯಿಯ ಮುಖ ನೋಡುತ್ತಾನೆ, ಬಾಯಿ ಮುಚ್ಚುತ್ತಾನೆ. ಹೇಳಲಾಗದ್ದು ಏನೋ ಇದೆ ಎಂದು ನನಗೆ ಹೊಳೆಯಿತು. "ಮುತ್ತಕ್ಕ, ನೀವ್ ಒಂದ್ ಗಳ್ಗಿ ಹೊರ್ಗ್ ಕೂತ್ಕಣಿ" ಎಂದೆ.

"ನಾ ಹೋತಿಲ್ಲೆ" ಎಂದರು ಮುತ್ತಕ್ಕ. ಮಂಚದ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದರು. "ಒಂದ್ಸಲ ಹೊರ್ಗ್ ನಿಂತದ್ ಸಾಕ್."

ನಾನು ಅವರಿಗೆ ಮಂಚದ ಪಕ್ಕಕ್ಕೆ ಸ್ಟೂಲು ಎಳೆದು ಕೊಟ್ಟೆ.

ರಾಘು ಕಣ್ಣು ಮುಚ್ಚಿಕೊಂಡ. "ಕಪ್ಪೆ" ಎಂದ.

ಮುತ್ತಕ್ಕನ ಮನೆಯಲ್ಲಿ ಕಪ್ಪೆಯ ಹೆಸರೆತ್ತಿದರೆ ಪಾತ್ರೆ ತೊಳೆದಿಡುವಷ್ಟು ಹೇಸಿಗೆ. ಅವರು ಒಂದು ಕ್ಷಣವೂ ತಡಮಾಡಲಿಲ್ಲ. "ಕಪ್ಪೆ ಆದ್ರೂ ಅಡ್ಡಿಲ್ಲ, ಹಾವಾದ್ರೂ ಅಡ್ಡಿಲ್ಲ ಮಾರಾಯ! ಎಂತ ಕಪ್ಪೆ? ಸಮಾ ಹೇಳ್!"

ಅವನು ಕೆಲಸ ಮಾಡುವ ಅಡುಗೆಮನೆಗೆ ಕದ್ದುಮುಚ್ಚಿ ಕಪ್ಪೆಯ ಕಾಲು ಬರುತ್ತಿತ್ತಂತೆ. ಚರ್ಮ ಸುಲಿದು, ತೊಳೆದು, ಬೆಳ್ಳಗೆ ಪೊಟ್ಟಣದಲ್ಲಿ. ಅದಕ್ಕೆ ಮಸಾಲೆ ಹಚ್ಚಿ ಹುರಿಯುವುದರಲ್ಲಿ ರಾಘುವಿನ ಕೈ ಪಳಗಿತ್ತು. ಆ ಕಾಲುಗಳ ಮೇಲೆ ಒಂದು ಇಡೀ ಕಪ್ಪೆ ಇರುತ್ತದೆ, ಅದರಲ್ಲಿ ಜಾತಿಗಳಿರುತ್ತವೆ ಎಂಬುದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಊರಿಗೆ ಬಂದವನು ತಲ್ಲೂರಿನ ಗೆಳೆಯನ ಮುಂದೆ ಜಂಬ ಕೊಚ್ಚಿದ್ದ. ಹಿಂದಿನ ಸಂಜೆ ಮಳೆ ನಿಂತ ಮೇಲೆ ಗದ್ದೆಬದಿಯಲ್ಲಿ ಸಿಕ್ಕಿದ್ದನ್ನು ಹಿಡಿದು, ಅಲ್ಲೇ ಶೆಡ್ಡಿನಲ್ಲಿ ಬೇಯಿಸಿದ್ದರು. ಗೆಳೆಯ ಹೇಸಿ ಮುಟ್ಟಲಿಲ್ಲ. ರಾಘು ಅಡುಗೆಯವನು. ತಿಂದು ತೋರಿಸಿದ.

ಗೆಳೆಯನಿಗೆ ನಾನೇ ಫೋನು ಮಾಡಿದೆ. "ಎಂತ ಬಣ್ಣ? ಮೈ ನುಣ್ಣಗಾ, ದೊರಗಾ?" ಎಂದೆ. "ದೊರಗ್ ಅಕ್ಕ. ಕಣ್ಣಿನ್ ಹಿಂದ್ ಎರ್ಡ್ ಉಬ್ಬ್ ಇತ್ತ್. ಹಾರೂದೇ ಇಲ್ಲ ಅದ್, ಕೈಯಗೇ ಹಿಡ್ದದ್" ಎಂದ.

"ಗೋಂಕ್ರ ಕಪ್ಪೆ" ಎಂದೆ. ಡಾಕ್ಟರಮ್ಮ ತಲೆಯೆತ್ತಿದರು. ಅವರ ಮುಖದಲ್ಲಿ ಲೆಕ್ಕ ಕೂಡಿಬಂದ ಬೆಳಕು. "ಅದೇ! ಆ ಉಬ್ಬಿನಲ್ಲಿರುವುದೂ ಮರದ ವಿಷದಂಥದ್ದೇ ಸಿಸ್ಟರ್. ಹೃದಯಕ್ಕೆ ಎರಡೂ ಮಾಡುವುದು ಒಂದೇ ಕೆಲಸ" ಎಂದರು. ಅಷ್ಟರಲ್ಲಿ ಅವರು ಮೊದಲ ಇಂಜೆಕ್ಷನ್ ಕೊಟ್ಟಾಗಿತ್ತು, ದೊಡ್ಡ ಆಸ್ಪತ್ರೆಗೆ ಫೋನೂ ಹೋಗಿತ್ತು. ಯಂತ್ರ ಸಿದ್ಧ ಮಾಡಿ ಇಡಲು ಹೇಳುತ್ತಿದ್ದರು.

ಆಂಬುಲೆನ್ಸಿನಲ್ಲಿ ನಾನೂ ಹೋದೆ. ಒಂದು ಕೈಯಲ್ಲಿ ರಾಘುವಿನ ನಾಡಿ. ಇನ್ನೊಂದು ಕೈಯನ್ನು ಮುತ್ತಕ್ಕ ಹಿಡಿದಿದ್ದರು. ಕಿಟಕಿಯ ಗಾಜಿನ ಮೇಲೆ ಮಳೆ ಇಳಿಯುತ್ತಿತ್ತು. ಗದ್ದೆಗಳು, ತೆಂಗು, ಕೊಡೆ ಹಿಡಿದವರು ಎಲ್ಲ ನೀರಿನೊಳಗಿನ ಚಿತ್ರದ ಹಾಗೆ ಹಿಂದಕ್ಕೆ ಹೋಗುತ್ತಿದ್ದವು. ಬ್ರಹ್ಮಾವರ ಬಂತು. ಅಂದು ಸುಮಿಯ ಮದ್ದಿಗೆಂದು ಇಳಿದಿದ್ದ ಆ ಬಸ್ ನಿಲ್ದಾಣವನ್ನು ಮುತ್ತಕ್ಕ ನೋಡಲಿಲ್ಲ. ಅದು ದಾಟುವವರೆಗೂ ಮಗನ ಮುಖವನ್ನೇ ನೋಡುತ್ತಿದ್ದರು. ರಾಘು ಮಂಪರಿನಲ್ಲಿ, "ಅಬ್ಬಿ, ಮಳಿಯೂ ಹಳ್ದಿ" ಎಂದ. "ಹೌದ್ ಮಗಾ, ನಂಗ್ ಗೊತ್ತಿತ್ತ್" ಎಂದರು ಅವರು.

ಹೊಸ ನರ್ಸುಗಳು ನನ್ನನ್ನು ಕೇಳುತ್ತಾರೆ, ಅಂಥ ಹೊತ್ತಿನಲ್ಲಿ ನೀವು ಏನು ಯೋಚಿಸುತ್ತೀರಿ ಎಂದು. ಏನೂ ಇಲ್ಲ. ನಾಡಿ ಒಮ್ಮೆ ಬಡಿಯುತ್ತದೆ, ಇನ್ನೊಂದಕ್ಕೆ ಕಾಯುತ್ತೇವೆ. ಅದು ಬಂದರೆ ಮತ್ತೊಂದಕ್ಕೆ.

ಯಂತ್ರ ಹಾಕಿದರು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಡ್ಯೂಟಿ ಮುಗಿಸಿ ಅದೇ ಬಿಳಿ ಸೀರೆಯಲ್ಲಿ ಬಸ್ಸು ಹತ್ತಿ ನೋಡಲು ಹೋದೆ. ರಾಘು ದಿಂಬಿಗೆ ಒರಗಿ ಕುಳಿತಿದ್ದ. ಪಕ್ಕದ ರೋಗಿಯ ಕಡೆಯವರು ನಗುತ್ತ ದೂರು ಹೇಳಿದರು: ಈ ಅಮ್ಮ ಹೊತ್ತಿಗೊಂದು ವಸ್ತು ತಂದು ಮಗನ ಮುಂದೆ ಹಿಡಿಯುತ್ತಾರೆ, ಲೋಟ, ಟವೆಲು, ಬಾಳೆಹಣ್ಣು, ಎಂತ ಬಣ್ಣ ಎಂದು ಕೇಳುತ್ತಾರೆ, ಶಾಲೆಯ ಟೀಚರ್ ಆದರು ಎಂದು.

ಮುತ್ತಕ್ಕ ನನ್ನನ್ನು ಕಂಡದ್ದೇ ಎದ್ದು ಬಂದರು. ನನ್ನ ಸೆರಗಿನ ಚುಂಗು ಹಿಡಿದು ಮಗನ ಕಣ್ಣ ಮುಂದೆ ಚಾಚಿದರು.

"ಇದ್ ಹೇಳ್ ಕಾಂಬ. ಎಂತ ಬಣ್ಣ?"

ರಾಘು ನಾಚಿಕೊಂಡು ನನ್ನನ್ನೂ ಸೆರಗನ್ನೂ ನೋಡಿದ.

"ಬಿಳಿ ಅಬ್ಬಿ."

"ಸಮಾ ಕಾಣ್."

"ಬಿಳಿಯೇ. ಬೆಳ್ಳಗ್ ಇತ್ತ್."

ಮುತ್ತಕ್ಕ ಸೆರಗನ್ನು ಬಿಡಲಿಲ್ಲ. ಅದನ್ನೇ ಮುಖಕ್ಕೆ ಒತ್ತಿಕೊಂಡು ಅತ್ತರು. ಹದಿಮೂರು ವರ್ಷ ಅಳದೆ ಇಟ್ಟುಕೊಂಡದ್ದೆಲ್ಲ ಆ ಬಟ್ಟೆಗೆ ಬಂತು. ನಾನೂ ಅತ್ತೆ, ವಾರ್ಡಿನಲ್ಲಿ ನರ್ಸು ಅಳಬಾರದು ಎಂದು ಹುಡುಗಿಯರಿಗೆ ಪಾಠ ಹೇಳಿದವಳು ನಾನೇ. ತುಸು ಹೊತ್ತಿನ ಮೇಲೆ ಅವರು ತಲೆಯೆತ್ತಿ, ಸೆರಗನ್ನು ಕೈಯಲ್ಲಿ ನೀವಿ ಸರಿಮಾಡುತ್ತ, ಯಾರಿಗೋ ಒಪ್ಪಿಸುವ ಹಾಗೆ ಮೆಲ್ಲಗೆ ಹೇಳಿದರು.

"ಸುಮಿ ಹೇಳಿದ್ದ್ ಈ ಸಲ ನಾ ಕೇಂಡೆ, ಸಿಸ್ಟ್ರೆ."